ಸೊಸೆಗೆ ಮೊದಲ ತುತ್ತು

ಅಮೃತೂರಿನ ಆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರುಗಪ್ಪಾಗಿರುತ್ತಿತ್ತು. ಸೊಪ್ಪು ಬಿಡಿಸಿ ಬಿಡಿಸಿ ಹತ್ತಿದ ಆ ಕಲೆ ಮೊದಲಿನಿಂದ ಇದ್ದದ್ದಲ್ಲ. ಮಗ ಹೋದ ಮೇಲೆ ಬಂದದ್ದು.

ಏಡ್ಸ್ ಪೀಡಿತರ ಆಹಾರವನ್ನು ಅಧ್ಯಯನ ಮಾಡುತ್ತ ನಾನು ತುಮಕೂರಿನಿಂದ ಅವರ ಮನೆಗೆ ಮೊದಲು ಹೋದ ಇಸವಿಯನ್ನು ಖಚಿತವಾಗಿ ಹೇಳಲಾರೆ. ಸರ್ಕಾರದ ಉಚಿತ ಔಷಧ ಇನ್ನೂ ಆರಂಭವಾಗಿರಲಿಲ್ಲವಾದ್ದರಿಂದ ಅದು ೨೦೦೪ಕ್ಕಿಂತ ಹಿಂದಿನದೆಂಬುದು ಮಾತ್ರ ನಿಸ್ಸಂದೇಹ. ಮಗ ಗೋಡೆಗೆ ಒರಗಿ ಕೂತಿದ್ದ. ಜೀವಸತ್ವಗಳ ಕೊರತೆಯಿಂದ ತುಟಿಯ ಅಂಚು ಸೀಳಿ, ನಾಲಿಗೆ ಹುಣ್ಣಾಗಿತ್ತು. ಕಾಯಿಲೆಯವನಿಗೆ ಪಥ್ಯವೆಂದು ತಾಯಿ ತಿಂಗಳುಗಟ್ಟಲೆ ಕೊಟ್ಟದ್ದು ಬರೀ ಗಂಜಿ, ಉಪ್ಪು. ಮೊಟ್ಟೆ ಉಷ್ಣ, ಮೊಸರು ಶೀತ, ಸೊಪ್ಪು ನಂಜು, ಬೇಳೆ ವಾಯು. ಒಂದೊಂದನ್ನೂ ಅವರು ಪ್ರೀತಿಯಿಂದಲೇ ಅವನ ತಟ್ಟೆಯಿಂದ ತೆಗೆದಿದ್ದರು. ನಾನು ವಿವರಿಸಿ ಹೇಳಿದ ದಿನವೇ ಸೊಪ್ಪಿನ ಸಾರು ಮಾಡಿದರು. ಅವನಿಗೆ ನುಂಗಲಾಗಲಿಲ್ಲ.

ಅವನು ತೀರಿಕೊಂಡ ಮೇಲೆ ಹೋದಾಗ, "ಗಂಜಿ ಕುಡ್ಸಿ ಕುಡ್ಸಿ ನಾನೇ ಸಾಯ್ಸ್‌ಬುಟ್ನಲ್ಲಾ ಸ್ವಾಮಿ" ಎಂದರು. ಔಷಧವೇ ಇಲ್ಲದ ಕಾಲದಲ್ಲಿ ಬರಿಯ ಪಥ್ಯದಿಂದ ಸಾವು ಬಂತೆನ್ನಲಾಗದು ಎಂದೆ. ಅದು ನಿಜವೂ ಹೌದು. ಅವರು ಒಪ್ಪಲಿಲ್ಲ. ಒಳಬಾಗಿಲಲ್ಲಿ ಸೊಸೆ ನಿಂತಿದ್ದಳು. ರೋಗ ಅವಳಿಗೂ ಇತ್ತು.

ಅಂದಿನಿಂದ ಆ ಮನೆಯ ಕ್ರಮ ತಿರುಗಿತು. ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುತ್ತಿದ್ದ ಸೊಸೆ ಈಗ ಮೊದಲು ಉಣ್ಣಬೇಕಾಯಿತು. ಮುದ್ದೆ, ನುಗ್ಗೆಸೊಪ್ಪಿನ ಸಾರು, ಮೇಲೊಂದು ಮೊಟ್ಟೆ. ಅಜ್ಜಿ ಎದುರಿಗೇ ಕೂರುತ್ತಿದ್ದರು.

"ಸಾಕತ್ತೆ, ಹೊಟ್ಟೆ ತುಂಬ್ತು."

"ತುಂಬಿದ್ದು ನಾನ್ ಹೇಳ್ತೀನಿ, ನೀನ್ ಉಣ್ಣೇ."

ಪಕ್ಕದ ಮನೆಯಾಕೆ ಒಮ್ಮೆ ನನ್ನೆದುರೇ, "ಸೊಸೆ ಉಂಡ್ಮೇಲೆ ಅತ್ತೆ ಉಣ್ಣೋ ಮನೆ ಇದೊಂದೇ ಕಣಮ್ಮ" ಎಂದು ಹಂಗಿಸಿದಳು. ಅಜ್ಜಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನಿನ್ ಸೊಸೇನೂ ಕಳ್ಸೇ, ಉಣ್ಣಿಸಿ ಕಳಿಸ್ತೀನಿ. ಅವ್ಳೂ ಸೊರಗವ್ಳೆ."

ತುಮಕೂರಿನಲ್ಲಿ ಉಚಿತ ಔಷಧ ಸಿಗತೊಡಗಿದಾಗ ಅದನ್ನು ತಾಳಿಕೊಳ್ಳುವ ಬಲ ಸೊಸೆಯ ಮೈಯಲ್ಲಿತ್ತು. ಅವಳು ಬದುಕಿದಳು. ಕೆಲವು ವರ್ಷಗಳ ತರುವಾಯ ಅಜ್ಜಿಯೇ ಹೊರಟುಹೋದರು.

ತಿಥಿಗೆ ನಾನು ಹೋಗಿದ್ದೆ. ಸತ್ತವರಿಗೆ ಎಡೆ ಇಡುವ ಮುನ್ನ ಅಡಿಗೆಯ ರುಚಿಯನ್ನೂ ನೋಡಬಾರದು, ಎಂಜಲಾಗುತ್ತದೆ. ಸೊಸೆ ಒಲೆಯ ಪಕ್ಕ ಕೂತು, ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ ನುಂಗಿದಳು.

"ಎಡೆಗಿಂತ ಮುಂಚೆ ಯಾರಾದ್ರೂ ಉಣ್ತಾರೇನೇ?" ನೆಂಟರು ಗದರಿದರು.

"ನಾನ್ ಉಣ್ಣದೆ ನಮ್ಮತ್ತೆ ತುತ್ತೆತ್ತಲ್ಲ" ಎಂದಳು. ಆಮೇಲೆ ಕೈ ತೊಳೆದು ಎಡೆ ಬಡಿಸಿದಳು.