ಬ್ಲ್ಯಾಕ್ ಬೆಲ್ಟಿನ ಹುಡುಗಿ ಸುಮ್ಮನೆ ನಿಂತಳು

ನನ್ನ ಮಗಳು ಶ್ರಾವಣಿ ಬ್ಲ್ಯಾಕ್ ಬೆಲ್ಟ್. ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ, ಅವಳು ಓದುವ ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ ನಾಲ್ಕು ಗಂಟೆಗೆ, ಅಷ್ಟೊಂದು ಜನರ ನಡುವೆ ಒಬ್ಬ ಗಂಡಸು ಅವಳ ಬಲಗೈ ಮಣಿಕಟ್ಟು ಹಿಡಿದುಕೊಂಡ.

ಅವಳು ಸುಮ್ಮನೆ ನಿಂತಳು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ನಲವತ್ತರ ಆಸುಪಾಸು. ಮಕ್ತಲ್ ಕಡೆಗೇ ಹೊರಟಿದ್ದೇನೆ, ಬೈಕಿನ ಮೇಲೆ ಬಿಡುತ್ತೇನೆ ಬಾ ಅಂತ ತೆಲುಗಿನಲ್ಲಿ ಹೇಳುತ್ತಾ ಎಳೆಯತೊಡಗಿದನಂತೆ. ಇವಳು ನಾಲ್ಕು ಹೆಜ್ಜೆ ಅವನ ಜೊತೆ ಹೋಗಿಯೂ ಬಿಟ್ಟಿದ್ದಳು. ಸೀತಾಫಲ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಎದ್ದು ಬಂದು ಅವನ ಕಾಲರಿಗೆ ಕೈ ಹಾಕಿದಳು. ಅವನು ಕೊಸರಿಕೊಂಡು ಓಡಿಹೋದ. ಆಕೆಯೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕುಡಿಸಿ, ನನಗೆ ಫೋನ್ ಮಾಡಿಸಿದ್ದು.

(ತಪ್ಪು ಆ ಗಂಡಸಿನದು, ನನ್ನ ಮಗಳದಲ್ಲ. ಇದನ್ನು ಯಾರೂ ನನಗೆ ಪತ್ರ ಬರೆದು ತಿಳಿಸಬೇಕಿಲ್ಲ. ಹೆದರಿದವರು ಕಲ್ಲಾಗುತ್ತಾರೆ, ಅದೂ ಗೊತ್ತು. ಆದರೆ ನಾನು ಹೇಳಹೊರಟಿರುವುದು ಬೇರೆ.)

ಮಕ್ತಲ್‌ನ ಮನೆಗೆ ಕರೆತಂದ ಮೇಲೆ ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ, ಕಾಲೇಜಿಗೂ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಗೋಡೆಯ ಮೇಲಿನ ಮೆಡಲುಗಳನ್ನೆಲ್ಲ ಇಳಿಸಿ ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟುತ್ತಿದ್ದಳು. ಏನು ಮಾಡ್ತಿದ್ದೀ ಅಂದೆ.

"ಅಮ್ಮಾ, ಅವ ಹೊಡೆಯಾಕ ಬಂದಿದ್ರ ನನಗ ಗೊತ್ತಿತ್ತು," ಅಂದಳು. "ಅವ ಹಿಡಕೊಂಡ. ಹಿಡಕೊಂಡ್ರ ಏನ್ ಮಾಡಬೇಕಂತ ನನಗ ಯಾರೂ ಹೇಳೇ ಇಲ್ಲ. ಕಾಂಪಿಟೇಶನ್‌ದಾಗ ಯಾರೂ ಹಿಡಕೊಳ್ಳಾಂಗಿಲ್ಲ."

ಆರು ವರ್ಷ ಕರಾಟೆ ಕಲಿತ ಹುಡುಗಿ ಆಡಿದ ಮಾತು ಇದು. ನಾನು ಚೀಲ ಕೆಳಗಿಟ್ಟು ಕುಳಿತುಬಿಟ್ಟೆ. ಏಕೆಂದರೆ ಇದರಲ್ಲಿ ನನ್ನ ಪಾಲೂ ಇತ್ತು.

ಶ್ರಾವಣಿ ಐದನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಮೊದಲು ಸೇರಿಸಿದ್ದು ಬೀರಪ್ಪ ಸರ್ ಹತ್ತಿರ. ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಪ್ರಾಯದಲ್ಲಿ ಹೈದರಾಬಾದಿನಲ್ಲಿದ್ದಾಗ ಕರಾಟೆ ಕಲಿತು, ಊರಿಗೆ ಬಂದ ಮೇಲೆ ಮಕ್ತಲ್‌ನ ನಮ್ಮ ಶಾಲೆಯ ಅಂಗಳದಲ್ಲೇ ಬೆಳಿಗ್ಗೆ ಆರಕ್ಕೆ ಹತ್ತು ಹನ್ನೆರಡು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಗ್ರೀಸಿನ ಕಪ್ಪು. ಮಾತು ಕಡಿಮೆ.

ಎರಡು ವರ್ಷ ಅವರು ಕಲಿಸಿದ್ದು ಒಂದೇ ಕತಾ. ಕತಾ ಅಂದರೆ ಎದುರಿಗೆ ವೈರಿ ಇದ್ದಾನೆ ಅಂದುಕೊಂಡು ಒಬ್ಬರೇ ಮಾಡುವ ಪಟ್ಟುಗಳ ಸಾಲು. ಮೊದಲನೆಯದರಲ್ಲಿ ಇಪ್ಪತ್ತೊಂದು ಪಟ್ಟು. ಅದನ್ನೇ ದಿನಾ ಮಾಡಿಸುವುದು. ಕಾಲು ಒಂದು ಬೆರಳಗಲ ಆಚೆ ಬಿದ್ದರೆ ಮತ್ತೆ ಮೊದಲಿನಿಂದ. ಬೆಲ್ಟ್ ಮಾತ್ರ ಬಿಳಿಯದೇ.

ಅಷ್ಟರಲ್ಲಿ ನಾರಾಯಣಪೇಟೆಯಿಂದ ಹೊಸ ಕ್ಲಾಸೊಂದು ಮಕ್ತಲ್‌ಗೆ ಬಂತು. ಫಂಕ್ಷನ್ ಹಾಲ್, ಮ್ಯೂಸಿಕ್, ನೀಲಿ ಮ್ಯಾಟು. ಮೂರು ತಿಂಗಳಿಗೊಂದು ಗ್ರೇಡಿಂಗು, ಗ್ರೇಡಿಂಗಿಗೊಂದು ಬಣ್ಣದ ಬೆಲ್ಟ್. ಮಕ್ಕಳು ಗಾಳಿಯಲ್ಲಿ ಪಲ್ಟಿ ಹೊಡೆದು ಹೆಂಚು ಒಡೆಯುತ್ತಿದ್ದರು. ನಮ್ಮ ಪಕ್ಕದ ಮನೆಯ ಹುಡುಗಿ ಶ್ರಾವಣಿಗಿಂತ ಒಂದು ವರ್ಷ ತಡವಾಗಿ ಕರಾಟೆಗೆ ಸೇರಿದವಳು, ಬ್ರೌನ್ ಬೆಲ್ಟ್ ಕಟ್ಟಿಕೊಂಡು ನಿಂತ ಫೋಟೋ ಅವಳ ತಾಯಿಯ ಸ್ಟೇಟಸ್‌ನಲ್ಲಿ ಬಂತು. ಅದನ್ನು ನಾನು ಎಷ್ಟು ಸಲ ನೋಡಿದೆನೋ.

ನನ್ನ ಮಗಳ ಬಿಳಿ ಬೆಲ್ಟ್ ನನಗೆ ಅವಮಾನ ಅನ್ನಿಸತೊಡಗಿತು. ಅವಳಿಗಲ್ಲ, ನನಗೆ.

ಒಂದು ಬೆಳಿಗ್ಗೆ ಹೋಗಿ ಬೀರಪ್ಪ ಸರ್‌ಗೆ, ಟ್ಯೂಷನ್ ಟೈಮಿಗೆ ಹೊಂದುತ್ತಿಲ್ಲ, ಬಿಡಿಸುತ್ತೇನೆ ಅಂದೆ. ಸುಳ್ಳು. ಅವರಿಗೂ ಅದು ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆ ವರ್ಷ ಬಿಟ್ಟುಹೋದ ಮಕ್ಕಳಲ್ಲಿ ಇವಳು ಮೊದಲಿನವಳೇನೂ ಆಗಿರಲಿಲ್ಲ.

"ಆಗ್ಲಿ ಬಿಡ್ರಿ ಟೀಚರಮ್ಮ," ಅಂದರು. "ಮನ್ಯಾಗ ದಿನಾ ಒಂದ್ಸಲ ಕತಾ ಮಾಡು ಅಂತ ಹೇಳ್ರಿ. ಬಿಡಬ್ಯಾಡ ಅಂತ ಹೇಳ್ರಿ."

ಹೊಸ ಕ್ಲಾಸಿನಲ್ಲಿ ಮಗಳು ಮಿಂಚಿದಳು. ಮಿಂಚದೆ ಏನು, ಎರಡು ವರ್ಷ ಅಂಗಳದ ಮಣ್ಣಿನಲ್ಲಿ ಊರಿದ ಕಾಲು. ನಾರಾಯಣಪೇಟೆಯ ಟೂರ್ನಮೆಂಟುಗಳಲ್ಲಿ ಕತಾ ವಿಭಾಗದಲ್ಲಿ ಮೊದಲ ಬಹುಮಾನ ಅವಳದೇ. ಬಣ್ಣಗಳು ಒಂದರ ಮೇಲೊಂದು ಬಂದವು. ಕಪ್ಪೂ ಬಂತು. ನಾನೂ ಸ್ಟೇಟಸ್ ಹಾಕಿದೆ. (ಮೂರು ದಿನ ಹಾಕಿದೆ, ಸುಳ್ಳು ಯಾಕೆ.) ಬೀರಪ್ಪ ಸರ್ ಅಂಗಳಕ್ಕೆ ಬರುವುದು ಯಾವಾಗ ನಿಂತಿತೋ, ಅದೇ ಶಾಲೆಯಲ್ಲಿ ಪಾಠ ಮಾಡುವ ನಾನೇ ಗಮನಿಸಲಿಲ್ಲ.

ಮೆಡಲಿನ ಗಂಟು ಅಟ್ಟ ಸೇರಿದ ಮೇಲೆ ಅವರು ನೆನಪಾದರು. ವಿಚಾರಿಸಿದೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮರಿಕಲ್‌ನಲ್ಲಿ ಮಗಳು ಮಹಾದೇವಿಯ ಮನೆಯಲ್ಲಿದ್ದಾರೆ ಅಂದರು. ಭಾನುವಾರ ಶ್ರಾವಣಿಯನ್ನು ಕರೆದುಕೊಂಡು ಹೋದೆ. ಬರಲ್ಲ ಅಂದಳು. ಒತ್ತಾಯ ಮಾಡಿದೆ.

ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಉಗುರು ಸ್ವಚ್ಛವಾಗಿದ್ದವು. ಅದನ್ನು ನೋಡಿ ಯಾಕೋ ಸಂಕಟವಾಯಿತು.

"ಏನವ್ವ ಶ್ರಾವಣಿ, ಕತಾ ಮಾಡ್ತಿಯಿಲ್ಲ?" ಅಂದರು. ಮಾತು ಸ್ವಲ್ಪ ತೊದಲುತ್ತಿತ್ತು.

"ಬಿಟ್ಟೀನ್ರಿ ಸರ್."

"ಯಾಕ?"

ನಡೆದದ್ದನ್ನು ನಾನು ಹೇಳಿದೆ. ನಾನು ಹೇಳುವಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ. ನೋಡುತ್ತಿದ್ದದ್ದು ಅವಳ ಮಣಿಕಟ್ಟನ್ನು.

"ಅಂಗಳದಾಗ ನಿಂದ್ರು," ಅಂದರು. "ಮೊದಲನೇ ಕತಾ. ನಾಲ್ಕನೇದಕ್ಕ ನಿಲ್ಲಿಸು."

ಅವಳು ಮಾಡಿದಳು. ಎಡಕ್ಕೆ ತಡೆ, ಮುಂದಕ್ಕೆ ಗುದ್ದು, ಹಿಂದಕ್ಕೆ ತಿರುಗಿ ಬಲಗೈಯಿಂದ ತಡೆ. ನಾಲ್ಕನೆಯದು: ಮುಂದೆ ಚಾಚಿದ ಅದೇ ಬಲಗೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡು, ಮೇಲಿನಿಂದ ಸುತ್ತಿಸಿ, ಸುತ್ತಿಗೆ ಇಳಿಸಿದಂತೆ ಮುಷ್ಟಿ ಇಳಿಸುವುದು. ಅಲ್ಲಿಗೆ ನಿಂತಳು. ಎಷ್ಟು ಚೆಂದ ಮಾಡುತ್ತಾಳೆ, ನನ್ನ ಮಗಳು.

"ಈಗ ಕೈ ಹಿಂದಕ್ಕ ಎಳಕೊಂಡ್ಯಲ್ಲ. ಯಾರು ಹಿಡ್ದಿದ್ರು?"

"ಯಾರೂ ಇಲ್ರಿ."

"ಯಾರೂ ಹಿಡೀಲಿಲ್ಲಂದ್ರ ಯಾಕ ಎಳಕೊಂಡಿ?"

ಅವಳು ತನ್ನ ಕೈಯನ್ನೇ ನೋಡುತ್ತ ನಿಂತಳು. ಅವರು ಅವಳನ್ನು ಹತ್ತಿರ ಕರೆದು ತಮ್ಮ ಬಲಗೈಯನ್ನು ಹಿಡಿದುಕೊಳ್ಳಲು ಹೇಳಿದರು. ಹಿಡಿದಳು. ಅವರ ಮುಖ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು. ಕೈ ಅಲ್ಲಾಡಲಿಲ್ಲ. ಅವರು ಸಣ್ಣಗೆ ನಕ್ಕು, "ಇದು ನನ್ನ ಮಾತು ಕೇಳೂದು ಬಿಟ್ಟೈತಿ" ಅಂತ ಎಡಗೈ ಚಾಚಿದರು. "ಗಟ್ಟಿ ಹಿಡಿ. ಅವ ಹಿಡ್ದಂಗ ಹಿಡಿ."

ಅವಳು ಎರಡೂ ಕೈ ಸೇರಿಸಿ ಹಿಡಿದಳು. ಏನಾಯಿತೆಂದು ನನಗೆ ಕಾಣಲೇ ಇಲ್ಲ. ಅವರ ಕೈ ಅವಳ ಹೆಬ್ಬೆರಳಿನ ಕಡೆಯಿಂದ ಜಾರಿ ಹೊರಬಂದಿತ್ತು. ಮುಷ್ಟಿ ಮೇಲಿನಿಂದ ಬಂದು ಅವಳ ಕೊರಳೆಲುಬಿನ ಮೇಲೆ, ಮುಟ್ಟಿಯೂ ಮುಟ್ಟದಂತೆ ನಿಂತಿತ್ತು.

ಆ ಚಲನೆಯನ್ನು ನನ್ನ ಮಗಳು ಸಾವಿರಾರು ಸಲ ಮಾಡಿದ್ದಾಳೆ. ಅದಕ್ಕೆ ಮೆಡಲ್ ತೆಗೆದುಕೊಂಡಿದ್ದಾಳೆ. ಕೈ ಹಿಡಿದವನಿಂದ ಬಿಡಿಸಿಕೊಳ್ಳುವ ಪಟ್ಟು ಅದು ಅಂತ ಅವಳಿಗೆ ಆವತ್ತು ಗೊತ್ತಾಯಿತು.

ಅಲ್ಲೇ ಮಂಚದ ಪಕ್ಕ ಕುಸಿದು ಕುಳಿತು ಅತ್ತಳು. ಗದ್ವಾಲದಲ್ಲಿ ಅಳದವಳು, ಮನೆಯಲ್ಲಿ ಅಳದವಳು. "ನನ್ನ ಕೈಯಾಗನ ಇತ್ತಲ್ರಿ ಸರ್," ಅನ್ನುವುದೊಂದೇ ಮಾತು.

"ತಪ್ಪು ನಂದೂ ಐತಿ ತಾಯಿ," ಅಂದರು ಬೀರಪ್ಪ ಸರ್. "ಮೊದ್ಲು ಕೈಕಾಲು ಕಲೀಲಿ, ಅರ್ಥ ಆಮ್ಯಾಲೆ ಹೇಳೋಣು ಅಂತಿದ್ದೆ. ನನಗ ಕಲಿಸಿದ ವಸ್ತಾದರೂ ಹಂಗ ಮಾಡಿದ್ರು. ಅಷ್ಟರಾಗ..."

ಮಾತು ನಿಲ್ಲಿಸಿ ನೀರು ಕೇಳಿದರು. ಅಷ್ಟರಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ. ನಾನು ಅಲ್ಲೇ ಕುಳಿತಿದ್ದೆನಲ್ಲ.

ಆಮೇಲೆ ಪ್ರತಿ ಭಾನುವಾರ ಮರಿಕಲ್. ಒಂದು ದಿನಕ್ಕೆ ಎರಡೋ ಮೂರೋ ಪಟ್ಟು, ಅದಕ್ಕಿಂತ ಹೆಚ್ಚು ಅವರ ಕೈಲಾಗುತ್ತಿರಲಿಲ್ಲ. ಮಹಾದೇವಿ ವೈರಿಯಾಗಿ ನಿಲ್ಲುತ್ತಿದ್ದಳು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು. ಮಂಚದ ಮೇಲಿನಿಂದ ಅವರು ಹೇಳುವುದು, ಅಂಗಳದಲ್ಲಿ ಇವರಿಬ್ಬರೂ ಮಾಡುವುದು. ಶ್ರಾವಣಿ ಊಟ ಸರಿಯಾಗಿ ಮಾಡತೊಡಗಿದಳು. ಗದ್ವಾಲದ ಬಸ್ಸನ್ನು ಒಬ್ಬಳೇ ಹತ್ತಿದಳು.

ಈ ನಡುವೆ ಫಂಕ್ಷನ್ ಹಾಲಿನ ಸರ್ ಹತ್ತಿರ ನಾನು ಜಗಳಕ್ಕೇ ಹೋಗಿದ್ದೆ. ನರೇಶ್ ಅಂತ ಹೆಸರು, ಮೂವತ್ತು ದಾಟಿಲ್ಲ. ನಾಲ್ಕನೆಯ ಪಟ್ಟು ಯಾತಕ್ಕೆ ಅಂತ ಕೇಳಿದೆ.

"ಅದು ಕತಾ ರೀ ಮೇಡಂ," ಅಂದರು. "ಅದಕ್ಕ ಪಾಯಿಂಟ್ಸ್ ಬರ್ತಾವ. ಸ್ಪೀಡ್, ಬ್ಯಾಲೆನ್ಸ್ ನೋಡ್ತಾರ."

"ಯಾತಕ್ಕ ಅಂತ ಕೇಳಿದೆ."

ನಾಲ್ಕನೆಯ ಪಟ್ಟನ್ನು ಗಾಳಿಯಲ್ಲಿ ಒಮ್ಮೆ ಮಾಡಿ ನೋಡಿದರು. "ನಮ್ಮ ಸರ್ ನಮಗ ಹೇಳಿಲ್ರಿ. ಕೇಳಬೇಕು ಅಂತ ನಮಗೂ ಹೊಳೀಲಿಲ್ಲ."

ನಾನು ವಂಚಕನನ್ನು ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿದ್ದು ಇನ್ನೊಬ್ಬ ವಿದ್ಯಾರ್ಥಿ. ಬೀರಪ್ಪ ಸರ್ ವಿಷಯ ಹೇಳಿದೆ. "ನಾನೂ ಬರ್ತೀನ್ರಿ ಮೇಡಂ, ಅವರು ಬ್ಯಾಡ ಅನ್ನಾಂಗಿಲ್ಲಲ್ರಿ?" ಅಂದರು. ಬೀರಪ್ಪ ಸರ್‌ಗೆ ಕೇಳಿದಾಗ, "ಅರವತ್ತು ಹುಡುಗ್ರಿಗೆ ಹೇಳೋ ಮನಿಷ್ಯಾ. ಜಲ್ದಿ ಕರ್ಕೊಂಡ್ ಬರ್ರಿ" ಅಂದರು. ಅವರ ದನಿಯಲ್ಲಿ ಅಷ್ಟು ಆಸೆಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮುಂದಿನ ಭಾನುವಾರ ಅಂತ ಮಾತಾಯಿತು. ಶುಕ್ರವಾರ ಬೆಳಿಗ್ಗೆ ನಾನು ಅಟೆಂಡೆನ್ಸ್ ಕೂಗುತ್ತಿದ್ದಾಗ ಮಹಾದೇವಿಯ ಫೋನ್ ಬಂತು. ಲಕ್ವ ಎರಡನೆಯ ಸಲ ಹೊಡೆದಿತ್ತು. ಮಹಬೂಬ್‌ನಗರದ ಆಸ್ಪತ್ರೆ ಮುಟ್ಟುವುದರೊಳಗೇ ಮುಗಿದಿತ್ತು.

ಮಣ್ಣಿಗೆ ನಾನು, ಶ್ರಾವಣಿ, ನರೇಶ್ ಮೂವರೂ ಹೋದೆವು. ಅವರ ಹಳೆಯ ಶಿಷ್ಯರು ಯಾರೂ ಕಾಣಲಿಲ್ಲ. ಡಿಪೋದ ನಾಲ್ಕು ಜನ ಬಂದಿದ್ದರು. ಎಲ್ಲ ಮುಗಿದು ಹೊರಡುವಾಗ ನರೇಶ್ ಮನೆಯ ಅಂಗಳದಲ್ಲೇ ನಿಂತುಬಿಟ್ಟರು.

"ಶ್ರಾವಣಿ, ಸರ್ ಹೇಳಿದ್ದು ನನಗ ತೋರಸ್ತಿಯೇನವ್ವ?"

ಅವರು ಅವಳಿಗೆ ಬ್ಲ್ಯಾಕ್ ಬೆಲ್ಟ್ ಕಟ್ಟಿದ ಗುರು. ಕೈ ಮುಂದೆ ಚಾಚಿ, ಶಿಷ್ಯೆಯ ಎದುರು ತಲೆ ಬಾಗಿಸಿ ನಿಂತರು. ಶ್ರಾವಣಿ ಕಣ್ಣೊರೆಸಿಕೊಂಡು ತೋರಿಸಿದಳು. ಒಂದನೆಯದು ಯಾತಕ್ಕೆ, ಎರಡನೆಯದು ಯಾತಕ್ಕೆ. ನಾಲ್ಕನೆಯದಕ್ಕೆ ಅವರಿಂದ ತನ್ನ ಕೈ ಹಿಡಿಸಿ ಬಿಡಿಸಿಕೊಂಡು ತೋರಿಸಿದಳು. ಮಹಾದೇವಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಒಂಬತ್ತನೆಯದಕ್ಕೆ ಬಂದು ಮಗಳು ಕೈ ಇಳಿಸಿದಳು.

"ಹತ್ತನೇದು?" ಅಂದರು ನರೇಶ್.

"ಇಲ್ಲೀಮಟಾನ ಹೇಳಿದ್ರು ಸರ್," ಅಂದಳು.

ಉಳಿದ ಹನ್ನೆರಡನ್ನು ನಾವೀಗ ಯಾರನ್ನು ಕೇಳಬೇಕು?