ಬೂಟಿನ ತಾತನ ಸೊಸೆ

ಬೆಳಿಗ್ಗೆ ಆರು ಗಂಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಿಂದೆ, ಒಂದೇ ಕಿಟಕಿಯ ಪುಟ್ಟ ಕಾರ್ಯಾಗಾರದಲ್ಲಿ ಆಕೆ ಆಗಲೇ ಕೆಲಸಕ್ಕೆ ಕೂತಾಗಿದೆ. ತೊಡೆಯ ಮೇಲೆ ತಲೆಕೆಳಗಾಗಿ ಒಂದು ಕಂದು ಬೂಟು. ಅದರ ಅಡಿಗೆ ಬೆಂಡಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಂಚನ್ನು ಬಾಗಿದ ಚಾಕುವಿನಿಂದ ಹೆರೆಯುತ್ತಾರೆ. ಪುಡಿ ಊದಿ, ಅಳತೆಪಟ್ಟಿ ಹಿಡಿದು ನೋಡುತ್ತಾರೆ. ಇನ್ನೂ ಕೂದಲೆಳೆಯಷ್ಟು ಹೆಚ್ಚಿದೆ. ಮತ್ತೆ ಹೆರೆಯುತ್ತಾರೆ. ಒಂಬತ್ತಕ್ಕೆ ಬೂಟಿನ ಒಡೆಯ ಬರಲಿದ್ದಾರೆ. ಅವರ ಎಡಗಾಲು ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡ.

ಹುಟ್ಟಿನಿಂದಲೋ ಕಾಯಿಲೆಯಿಂದಲೋ ಅಪಘಾತದಿಂದಲೋ ಕಾಲುಗಳು ಹೆಚ್ಚುಕಡಿಮೆಯಾದವರಿಗೆ ಬೂಟು ಹೊಲಿದುಕೊಡುವುದು ಈ ಕೋಣೆಯ ಕೆಲಸ. ವಾರಕ್ಕೆ ನಾಲ್ಕು ಜೊತೆ ಹೊಸದು, ಹತ್ತಾರು ರಿಪೇರಿ. ಗೋಡೆಯುದ್ದದ ಕಪಾಟಿನಲ್ಲಿ ಬೂಟಿಗೆ ಅಚ್ಚಾಗುವ ಇನ್ನೂರಕ್ಕೂ ಹೆಚ್ಚು ಮರದ ಪಾದಗಳಿವೆ, ಒಂದರಂತೆ ಇನ್ನೊಂದಿಲ್ಲ. ಎಲ್ಲವನ್ನೂ ಕೆತ್ತಿದ್ದು ಆಕೆಯ ಮಾವ. ನಲವತ್ತೊಂದು ವರ್ಷ ಇಲ್ಲಿ ದುಡಿದು, ಕಳೆದ ವರ್ಷ ಎಪ್ಪತ್ತಾರರ ವಯಸ್ಸಿನಲ್ಲಿ ತೀರಿಕೊಂಡರು. ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ಬೂಟಿನ ತಾತ.

"ಅವ್ರ ಬಗ್ಗೆ ಬರೀರಿ. ನನ್ನ ಬಗ್ಗೆ ಬರೆಯೋಕೆ ಏನಿದೆ" ಎನ್ನುತ್ತಾರೆ ಸೊಸೆ, ತಲೆಯೆತ್ತದೆ.

ಅವರ ಬಗ್ಗೆ ಬರೆಯಲು ಬೇಕಾದಷ್ಟಿದೆ. ಮೂರು ಕೋಣೆಯ ಮನೆ, ಹನ್ನೊಂದು ಜನ. ಊಟಕ್ಕೆ ಮುನ್ನ ಸತ್ಯವೇದದ ಒಂದು ಪುಟ ಓದಿ, ಆಮೇಲೆ ಪ್ರಾರ್ಥನೆ. ಅದರಲ್ಲಿ ಮನೆಮಂದಿಯ ಹೆಸರೆಲ್ಲ ಒಂದೊಂದಾಗಿ ಬರಬೇಕು. ಅದಾದ ಮೇಲೆ ಆ ವಾರ ಬೂಟು ಒಯ್ದವರ ಸರದಿ. ಅಷ್ಟರಲ್ಲಿ ಊಟ ಆರಿ ತಣ್ಣಗಾಗಿರುತ್ತಿತ್ತು. ಹಸಿದ ಮೊಮ್ಮಗಳು ಒಮ್ಮೆ ನಡುವೆಯೇ ಆಮೆನ್ ಅಂದುಬಿಟ್ಟಳಂತೆ. ತಾತ ಒಂದೇ ಕಣ್ಣು ತೆರೆದು, ಇನ್ನೂ ಐದು ಜನ ಬಾಕಿ ಇದ್ದಾರಮ್ಮ ಎಂದು ಹೇಳಿ, ಬಿಟ್ಟಲ್ಲಿಂದ ಮುಂದುವರಿಸಿದರಂತೆ.

ಹಿರಿಯ ಮಗ, ಅಂದರೆ ಈಕೆಯ ಗಂಡ, ಈ ಕಸುಬು ಬೇಡವೆಂದ. ದಿನವಿಡೀ ಒಂದೇ ಕಡೆ ಕೂರುವುದು ತನ್ನಿಂದಾಗದು ಎಂದು ಹೇಳಿ ಬಸ್ಸಿನ ಚಾಲಕನಾದ. ಅಲ್ಲೂ ಕೂತೇ ಇರಬೇಕೆಂಬುದು ಆಮೇಲೆ ಹೊಳೆಯಿತು. ತಂದೆಗೆ ಒಳಗೊಳಗೇ ನೋವಾಯಿತು. ಅಂದಿನಿಂದ ಪ್ರಾರ್ಥನೆಗೆ ಒಂದು ಸಾಲು ಸೇರಿತು, ಅಷ್ಟೆ: "ಕರ್ತನೇ, ನಾಳೆನೂ ಅವನ ಬ್ರೇಕು ಸರಿಯಾಗಿ ಹಿಡೀಲಿ."

ಏಳು ವರ್ಷದ ಹಿಂದೆ ಮಾವನ ಬಲಗೈ ನಡುಗಲು ಶುರುವಾಯಿತು. ಮಧ್ಯಾಹ್ನ ಬುತ್ತಿ ತರುತ್ತಿದ್ದ ಸೊಸೆ ಸೂಜಿಗೆ ದಾರ ಪೋಣಿಸಿಕೊಟ್ಟರು. ಆಮೇಲೆ ಹೊಲಿಗೆ ಹಾಕಿದರು. ಬರಬರುತ್ತಾ ಬೆಂಡೂ ಕತ್ತರಿಸಿದರು. ಕಲಿಸುತ್ತೇನೆ ಎಂದು ಅವರೂ ಹೇಳಲಿಲ್ಲ, ಕಲಿಯುತ್ತೇನೆ ಎಂದು ಇವರೂ ಹೇಳಲಿಲ್ಲ. ಪೂರ್ತಿ ತಾವೇ ಮಾಡಿದ ಮೊದಲ ಜೊತೆ ಒಬ್ಬ ಶಾಲಾ ಟೀಚರದು. ಅದರಲ್ಲೇ ಎಡವಟ್ಟಾಯಿತು. ಅಟ್ಟೆ ಕಾಲಿಂಚು ಎತ್ತರವಾಗಿ, ಹದಿನೈದು ದಿನದಲ್ಲಿ ಟೀಚರು ಸೊಂಟ ಹಿಡಿದುಕೊಂಡು ಬಂದರು. ಮೂಳೆ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಈ ಕೋಣೆ ಮುಚ್ಚಿ ಬೂಟುಗಳನ್ನು ಹೊರಗಿನಿಂದಲೇ ತರಿಸೋಣ ಎಂದರು.

ಮಾವ ಸೊಸೆಯ ಹೆಸರೆತ್ತಲಿಲ್ಲ. ನನ್ನ ಕೋಣೆಯಿಂದ ಹೊರಟ ಬೂಟು, ತಪ್ಪು ನನ್ನದೇ ಎಂದರು. ಮೂರು ತಿಂಗಳ ಗಡುವು ಕೇಳಿದರು. ಅಷ್ಟು ವರ್ಷದಲ್ಲಿ ಆಸ್ಪತ್ರೆಯನ್ನು ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆ ಸಂಜೆಯೇ ಇಬ್ಬರೂ ಟೀಚರ ಮನೆಗೆ ನಡೆದು ಹೋದರು. ಮಾವ ನೆಲದ ಮೇಲೆ ಕೂತು, ಟೀಚರನ್ನು ನಿಲ್ಲಿಸಿಕೊಂಡು ಹೊಸದಾಗಿ ಅಳತೆ ತೆಗೆಸಿದರು. ಟೇಪು ಹಿಡಿದ ಸೊಸೆಗೆ ಕಣ್ಣು ತುಂಬಿ ಅಂಕಿಗಳೇ ಕಾಣುತ್ತಿರಲಿಲ್ಲ. ವಾಪಸು ಬರುವಾಗ ಮಾವ ಹೇಳಿದ್ದು ಇಷ್ಟೇ: "ಕೂರಿಸಿ ಅಳತೆ ತಗೊಂಡಿದ್ದೆ ನೀನು. ಮೈಭಾರ ಬೀಳದ ಕಾಲು ಸುಳ್ಳು ಹೇಳುತ್ತೆ ಮಗಳೇ."

ಆ ಬೂಟನ್ನು ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಹೊಲಿದರು. ಪರೀಕ್ಷೆಯ ದಿನ ಡಾಕ್ಟರು, ಮಾವ, ಸೊಸೆ ಮೂವರೂ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಿಂತರು. ಕೊನೆಯವರೆಗೆ ಹೋಗಿ ತಿರುಗಿ ಬನ್ನಿ ಎಂದು ಡಾಕ್ಟರು ಟೀಚರಿಗೆ ಹೇಳಿದರು. ಟೀಚರು ಹೊರಟರು, ಕೊನೆ ಮುಟ್ಟಿದರು, ಬಾಗಿಲು ದಾಟಿದರು. ತಿರುಗಿ ಬರಲೇ ಇಲ್ಲ. ಕಾಲು ಗಂಟೆ ಕಾದ ಮೇಲೆ, ಅವರು ಬಸ್ಸು ಹತ್ತಿ ಹೋದರೆಂದು ಕಾವಲುಗಾರ ಬಂದು ಹೇಳಿದ. ನೋವಿಲ್ಲದ ಖುಷಿಯಲ್ಲಿ ಪರೀಕ್ಷೆಯ ವಿಷಯವನ್ನೇ ಅವರು ಮರೆತಿದ್ದರು. ಡಾಕ್ಟರು ನಗುತ್ತಾ ಕಡತ ಮುಚ್ಚಿದರು. ಕೋಣೆ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಕೊನೆಯವರೆಗೂ ಮಾವ ಪಕ್ಕದ ಸ್ಟೂಲಿನಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿಕೊಡುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ, ಅತ್ತೆ ಕೀರ್ತನೆ ಓದುತ್ತಿರುವಾಗ, ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಗೆ ಮನೆಯವರು, ನೆರೆಹೊರೆಯವರು ಸೇರಿ ಐವತ್ತು ಜನ ಬರಬಹುದೆಂದು ಚರ್ಚಿನ ಸಭಾಪಾಲಕರು ಅಂದುಕೊಂಡಿದ್ದರು. ಮರುದಿನ ಚರ್ಚಿನ ಬೆಂಚುಗಳು ಸಾಲದೆ ಜನ ಗೋಡೆಗೊರಗಿ ನಿಂತರು. ಇವರೆಲ್ಲ ಯಾರು ಎಂದು ಸಭಾಪಾಲಕರು ಮೆಲ್ಲಗೆ ಕೇಳಿದಾಗ, ಸೊಸೆ ಅವರೆಲ್ಲರ ಕಾಲಲ್ಲಿದ್ದ ಬೂಟುಗಳನ್ನು ತೋರಿಸಿದರು.

ಶವಪೆಟ್ಟಿಗೆಯ ಹಿಂದೆ ಅಷ್ಟೂ ಜನ ಸ್ಮಶಾನದವರೆಗೆ ನಡೆದರು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಸೊಸೆಗೆ, ಗುಂಪಿನಲ್ಲಿ ಇಬ್ಬರು ಸವೆದ ಅಟ್ಟೆಯಿಂದ ಒಂದು ಕಡೆಗೆ ವಾಲುತ್ತಿರುವುದು ಕಂಡಿತು. ನೋಡಬಾರದೆಂದುಕೊಂಡರೂ ನೋಟ ಅಲ್ಲಿಗೇ ಹೋಗುತ್ತಿತ್ತು. ಗೇಟಿನ ಹತ್ತಿರ ತಡೆಯಲಾರದೆ ಇಬ್ಬರನ್ನೂ ಪಕ್ಕಕ್ಕೆ ಕರೆದು, ನಾಳೆ ಬೆಳಿಗ್ಗೆ ಬನ್ನಿ ಎಂದರು. ಈ ಹೊತ್ತಿನಲ್ಲೂ ಅದೇನಾ ಎಂದು ಓರಗಿತ್ತಿ ಮೊಣಕೈಯಿಂದ ತಿವಿದಳು.

"ಒಂದು ವಾರ ರಜಾ ಹಾಕಬೇಕು ಅಂದ್ಕೊಂಡಿದ್ದೆ" ಎಂದು ಆಕೆ ಈಗ ನೆನೆಯುತ್ತಾರೆ. "ಆದ್ರೆ ಬನ್ನಿ ಅಂತ ಹೇಳಿದೋಳು ನಾನೇ ಅಲ್ವಾ. ಸೋಮವಾರ ಬಂದು ಬೀಗ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಇಬ್ರೂ ನೆಟ್ಟಗೆ ನಡ್ಕೊಂಡು ಮನೆಗೆ ಹೋದ್ರು."