ಬಳೆ ಏರದ ಕೈ

ಆ ಚಳಿಗಾಲದ ಒಂದು ಬೆಳಗ್ಗೆ ಎಚ್ಚರವಾದಾಗ ನನ್ನ ಕಣ್ಣು ತೆರೆಯಲಿಲ್ಲ. ರೆಪ್ಪೆಗಳು ಊದಿಕೊಂಡು ಒಂದಕ್ಕೊಂದು ಒತ್ತಿ ಕೂತಿದ್ದವು. ಸಂದಿನಲ್ಲಿ ಕಂಡಷ್ಟೇ ಲೋಕ: ಒಲೆಯ ಕೆಂಪು, ಅಜ್ಜಿಯ ಸೀರೆಯಂಚು, ಬಾಗಿಲಲ್ಲಿ ನಿಂತ ಬಿಸಿಲು. ಎಲ್ಲವೂ ನೀರಿನೊಳಗಿಂದ ನೋಡಿದ ಹಾಗೆ ತೇಲುತ್ತಿದ್ದವು. ನೋವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಮೈ ಮಾತ್ರ ಬೇರೆ ಯಾರದೋ ಅನ್ನಿಸುವಷ್ಟು ಭಾರ.

ನಮ್ಮದು ಕೊಡಿಗೇನಹಳ್ಳಿಗೆ ಹತ್ತಿರದ ಹಳ್ಳಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಒಂಬತ್ತು ವರ್ಷ. ಆ ಸಲ ಊರಿನ ಮಕ್ಕಳಿಗೆಲ್ಲ ಕಜ್ಜಿ. ಬೆರಳ ಸಂದಿ, ಮೊಣಕಾಲು, ಎಲ್ಲ ಕಡೆ ಕೀವು ತುಂಬಿದ ಹುಣ್ಣು. ಬೇವಿನ ಸೊಪ್ಪಿನ ನೀರು ಹುಯ್ದು, ಹೊಂಗೆ ಎಣ್ಣೆ ಹಚ್ಚಿ, ತಾನಾಗಿ ಹೋಗುತ್ತದೆಂದು ಬಿಟ್ಟಿದ್ದರು. ಹೋಯಿತು ಕೂಡ. ಅದು ಮಾಗಿದ ಮೇಲೆ ನನ್ನ ಕೆನ್ನೆಗಳು ತುಂಬಿಕೊಳ್ಳತೊಡಗಿದವು.

"ಮಗಿ ಮೈ ಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗೈತೆ!" ಎಂದು ನೆರೆಹೊರೆಯವರು ಕೆನ್ನೆ ಹಿಂಡಿದ್ದರು. ಕಣ್ಣು ಮುಚ್ಚಿಹೋದ ದಿನ ಅಜ್ಜಿ ಅಮ್ಮನಿಗೆ, "ಅವ್ರ ಕಣ್ಣೇ ಬಿದ್ದಿರೋದು ಕಣಮ್ಮ" ಎಂದು ಹೇಳಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬಾವು ಸ್ವಲ್ಪ ಇಳಿದು ಕಣ್ಣು ಬಿಟ್ಟಿತು. ತಗುಲಿದ್ದ ದೃಷ್ಟಿ ಕಳೆಯಿತೆಂದು ಎಲ್ಲರಿಗೂ ಸಮಾಧಾನ. ಮರುದಿನ ಬೆಳಗ್ಗೆ ಮತ್ತೆ ಅದೇ.

ಹಬ್ಬಗಳು ಹತ್ತಿರವಾದಾಗ ಶಿರಾ ಕಡೆಯಿಂದ ಬಳೆ ಮಾರುವ ಹೆಂಗಸೊಬ್ಬಳು ನಮ್ಮೂರಿಗೆ ಬರುತ್ತಿದ್ದಳು. ಎಲ್ಲರೂ ಬೂಬಮ್ಮ ಎನ್ನುತ್ತಿದ್ದರು. ನಿಜವಾದ ಹೆಸರು ಯಾರೂ ಕೇಳಲಿಲ್ಲ. ತಲೆಯ ಮೇಲಿನ ಗಂಟನ್ನು ನಮ್ಮ ಜಗುಲಿಯಲ್ಲಿ ಇಳಿಸಿ ಬಿಚ್ಚಿದರೆ ಹಸಿರು, ಕೆಂಪು, ಹಳದಿ ಗಾಜು ಬಿಸಿಲಿಗೆ ಸಿಕ್ಕಿ ಗೋಡೆಯೆಲ್ಲ ಬಣ್ಣ. ಕಿರಿದಾದ ನನ್ನ ಕಣ್ಣಿಗೆ ಆ ಬಣ್ಣಗಳು ಮೀನಿನ ಹಾಗೆ ಈಜುತ್ತಿದ್ದುದು ಇವತ್ತಿಗೂ ನೆನಪಿದೆ.

ಆ ಸಂಕ್ರಾಂತಿಗೆ ಬಂದ ಬೂಬಮ್ಮ ನನ್ನ ಕೈ ಹಿಡಿದು, ಬೆರಳುಗಳನ್ನು ಕೂಡಿಸಿ, ಬಳೆ ಏರಿಸಲು ನೋಡಿದಳು. ದೀಪಾವಳಿಯಲ್ಲಿ ಸಲೀಸಾಗಿ ಇಳಿದಿದ್ದ ಅಳತೆ ಈಗ ಗೆಣ್ಣಿನಲ್ಲೇ ನಿಂತಿತು. ದೊಡ್ಡದು ತೆಗೆದಳು. ಅದೂ ಏರಲಿಲ್ಲ. ಅವಳು ಬಳೆ ಕೆಳಗಿಟ್ಟು, ನನ್ನ ಲಂಗ ಸರಿಸಿ, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು.

"ಅಮ್ಮಾ, ಇದು ಮಾಂಸ ಅಲ್ಲ, ನೀರು" ಎಂದಳು. "ಮಗು ಉಚ್ಚೆ ಯಾವ ಬಣ್ಣ ಐತೆ?"

ಅಜ್ಜಿ ಸಿಡುಕಿದಳು. "ಬಳೆ ತೊಡ್ಸಾಕ್ ಬಂದೋಳು ಏನ್ ಮಾತು ಕೇಳ್ತೀಯೇ?"

ಅಮ್ಮ ಮಾತ್ರ ಮೆಲ್ಲಗೆ, "ಬಾಡು ತೊಳೆದ ನೀರಿನಂಗೈತೆ. ಅದೂ ಒಂಚೂರೇ" ಎಂದಳು.

ಬೂಬಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ ಬೇಟಿಗೂ ಇಂಗೇ ಆಗಿತ್ತು. ದಪ್ಪ ಆದ್ಳು ಅಂತ ನಾನೂ ಖುಷಿ ಪಟ್ಟೆ. ದರ್ಗಾಕ್ಕೆ ಕರ್ಕೊಂಡೋದೆ, ತಾಯ್ತ ಕಟ್ಸಿದೆ. ಆಸ್ಪತ್ರೆಗೆ ಹೋಗೋ ಹೊತ್ಗೆ ಎದೆಗೂ ನೀರು ತುಂಬ್ಬುಟ್ಟಿತ್ತು. ಗುರ್ದಾ ಕೆಟ್ಟೈತೆ, ಮೊದ್ಲೇ ತರ್ಬೇಕಿತ್ತು ಅಂದ್ರು ಡಾಕ್ಟ್ರು. ನಿಮ್ ಕಾಲಿಗೆ ಬೀಳ್ತೀನಿ, ಇವತ್ತೇ ಮಧುಗಿರಿಗೆ ಕರ್ಕೊಂಡೋಗಿ."

ಗುರ್ದಾ ಎಂಬ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಬೆನ್ನಿನೊಳಗೆ ಅಂಥದೊಂದು ಇದೆ ಎನ್ನುವುದೂ ಗೊತ್ತಿರಲಿಲ್ಲ. ಆದರೆ ಮಗಳನ್ನು ಕಳೆದುಕೊಂಡವಳ ಮುಖ ನೋಡಿ ಅಜ್ಜಿ ಸುಮ್ಮನಾದಳು. ಅಪ್ಪ ಹೊಲದಿಂದ ಬಂದವರೇ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ನಡೆದರು.

ಮಧುಗಿರಿ ಆಸ್ಪತ್ರೆಯ ಡಾಕ್ಟರು ಸಣಕಲು ಮನುಷ್ಯ, ಮಾತು ನಿಧಾನ. ನನ್ನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ನೀಲಿ ಉರಿಯ ಮೇಲೆ ಕಾಯಿಸಿದರು. ನೋಡುತ್ತಿದ್ದಂತೆ ಮೇಲುಭಾಗ ಬೆಳ್ಳಗೆ ಗಟ್ಟಿಯಾಯಿತು.

"ಹಾಲು ಒಡೆದಂಗಾಯ್ತಲ್ಲಪ್ಪ!" ಎಂದಳು ಅಮ್ಮ.

"ರಕ್ತದಲ್ಲಿ ಇರಬೇಕಾದ ಸತ್ವ ಇದು, ಸೋರಿಹೋಗ್ತಾ ಇದೆ" ಎಂದರು ಡಾಕ್ಟರು. ಸೊಂಟದ ಮೇಲೆ, ಬೆನ್ನಿನ ಎರಡೂ ಬದಿಯಲ್ಲಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ, ಗುರ್ದಾ ಅಂದರೆ ಅವೇ, ಮೈಯ ನೀರನ್ನು ಸೋಸುವುದು ಅವುಗಳ ಕೆಲಸ ಎಂದು ಬೆರಳಿಟ್ಟು ತೋರಿಸಿದರು. ಕಜ್ಜಿಯ ಕೀವಿನಿಂದ ಹೀಗಾಗಿದೆ, ಬೇಗ ಬಂದಿರಿ, ಬಹಳ ಮಟ್ಟಿಗೆ ವಾಸಿಯಾಗುತ್ತದೆ ಎಂದರು.

ಇಂಜೆಕ್ಷನ್, ಹಾಸಿಗೆ, ಅಳೆದು ಕೊಡುವ ನೀರು. ಉಪ್ಪು ಮಾತ್ರ ಒಂದು ಹರಳೂ ಇಲ್ಲ. ಸಪ್ಪೆ ಅನ್ನ, ಸಪ್ಪೆ ಬೇಳೆ. ಮಂಚದಿಂದ ಕಿಟಕಿಯಲ್ಲಿ ಬೆಟ್ಟ ಕಾಣುತ್ತಿತ್ತು, ಇಡೀ ಆಕಾಶಕ್ಕೆ ಅಡ್ಡವಾಗಿ ಒಂದೇ ಬಂಡೆ. ಮಧ್ಯಾಹ್ನ ಬಿಸಿಲು ಏರಿ ಅದು ಬೆಳ್ಳಗೆ ಹೊಳೆದಾಗ ನನಗೆ ಜೋಂಪು ಹತ್ತುತ್ತಿತ್ತು. ಆಗ ಅದು ಉಪ್ಪಿನ ರಾಶಿ. ಅದರ ಮೇಲೆ ಅಂಗಾಲೂರಿ ಏರುತ್ತಾ, ಅಂಗೈ ನೆಕ್ಕುತ್ತಾ, ಕೋಟೆಯ ಗೋಡೆ ದಾಟಿ ಮೋಡದವರೆಗೆ ಹೋಗುತ್ತಿದ್ದೆ. ಕೆಳಗೆ ಅಮ್ಮ ಕರೆಯುತ್ತಿರುವುದು ಕೇಳುತ್ತಿತ್ತು. ಎಚ್ಚರವಾದರೆ ಅವಳ ಕೈ ನನ್ನ ಹಣೆಯ ಮೇಲೆಯೇ ಇರುತ್ತಿತ್ತು.

ದಿನ ಕಳೆದಂತೆ ಮೂತ್ರ ತಿಳಿಯಾಗುತ್ತಾ, ಹೆಚ್ಚಾಗುತ್ತಾ ಬಂತು. ನರ್ಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರೆ ಅಪ್ಪನಿಗೆ ಹಬ್ಬ. ನನ್ನ ಮುಖ ನನಗೆ ವಾಪಸು ಬಂತು.

ಶಿರಾಕ್ಕೆ ಹಿಂತಿರುಗುವ ದಾರಿಯಲ್ಲಿ ಬೂಬಮ್ಮ ಆಸ್ಪತ್ರೆಗೆ ಬಂದಳು. ಮಂಚದ ಪಕ್ಕ ಕೂತು ಹಸಿರು ಬಳೆ ತೊಡಿಸಿದಳು. ಈ ಸಲ ಇಳಿದವು. ನೋಡುತ್ತಾ ನಿಂತಿದ್ದ ಡಾಕ್ಟರಿಗೆ ಅಮ್ಮ ಇವಳೇ ನಮ್ಮನ್ನು ಕಳಿಸಿದ್ದು ಎಂದಳು.

"ತಾಯಿ, ಬಾತುಕೊಂಡವರು ನನ್ನ ಹತ್ತಿರ ಬರೋದು ಕೊನೆಗೆ" ಎಂದರು ಡಾಕ್ಟರು. "ನೀವು ಊರೂರಿಗೆ ಹೋಗಿ ಎಲ್ಲರ ಕೈ ಹಿಡೀತೀರ. ನೋಡಿ ಹೇಳ್ತೀರಾ?"

"ನನ್ ಮಾತು ಯಾರು ಕೇಳ್ತಾರೆ ಸಾಬ್?"

"ಈ ಮಗು ಮನೆಯವರು ಕೇಳಿದರಲ್ಲ."

ಅವಳು ನನ್ನ ಬಳೆಗಳನ್ನು ಸವರಿದಳು. ಆಮೇಲೆ ಏನೇನು ನೋಡಬೇಕು, ಏನು ಹೇಳಬೇಕು ಎಂದು ಕೇಳಿ ತಿಳಿದುಕೊಂಡಳು.

ಅಲ್ಲಿಂದ ಮುಂದೆ ಅವಳ ವ್ಯಾಪಾರದ ಜೊತೆ ಈ ಮಾತೂ ಊರೂರು ತಿರುಗಿತು. ಕೈಗೆ ಬಳೆ ಏರಿಸುತ್ತಲೇ ಹೇಳುವಳು: ಮಕ್ಕಳ ಕಜ್ಜಿ ಸೋಪು ಹಾಕಿ ತೊಳೀರಿ, ಬಿಡ್ಬೇಡಿ. ಬೆಳಗ್ಗೆ ಮುಖ ಬಾತ್ರೆ, ಉಚ್ಚೆ ಕೆಂಪಾದ್ರೆ, ನೊರೆ ಬಂದ್ರೆ ದೊಡ್ಡಾಸ್ಪತ್ರೆಗೆ ಹೋಗಿ. ಹೆಂಗಸರು ಮೊದಮೊದಲು ನಗುತ್ತಿದ್ದರು. "ಬೂಬಮ್ಮ, ಬಳೆ ಮಾರಾಕ್ ಬಂದ್ಯೋ, ಉಚ್ಚೆ ಕೇಳಾಕ್ ಬಂದ್ಯೋ?" ಅವಳೂ ಅವರ ಜೊತೆ ನಕ್ಕು ಅದನ್ನೇ ಇನ್ನೊಮ್ಮೆ ಹೇಳುವಳು. ಪಾವಗಡದ ಕಡೆ ಹೋದಾಗ "ಕಾಳ್ಳು ವಾಚಿನಾಯಾ ಅಮ್ಮಾ?" ಎಂದು ತೆಲುಗಿನಲ್ಲಿ ಕಾಲು ಬಾತಿದೆಯೇ ಎಂದು ಕೇಳುವುದನ್ನು ಕಲಿತಳಂತೆ.

ಎರಡು ವರ್ಷದ ಮೇಲೆ ನಮ್ಮ ಎದುರು ಮನೆಯ ಮಗಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು. ಬಸುರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ. ಹಸೆಯ ಮೇಲೆ ಅವಳು ಹೂ ಮುಡಿದು, ನಿದ್ದೆಗಣ್ಣಿನಲ್ಲಿ ಇದ್ದವಳಂತೆ ಕೂತಿದ್ದಳು. ಬೂಬಮ್ಮ ಕೈ ಹಿಡಿದಳು. ಬಳೆ ಏರಲಿಲ್ಲ.

"ತಲೆ ನೋವೇನಮ್ಮ?"

"ಎರಡು ದಿನದಿಂದ ಸಿಡೀತೈತೆ. ಕಣ್ಣು ಮಂಜು ಮಂಜು" ಎಂದಳು ಹುಡುಗಿ.

ಬೂಬಮ್ಮ ಬಳೆಗಳನ್ನು ಗಂಟಿಗೆ ಹಾಕಿದಳು. "ಇವ್ಳನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ."

ಹುಡುಗಿಯ ತಾಯಿ ಕೆರಳಿದಳು. "ಶುಭ ಕಾರ್ಯದಾಗೆ ಅಪಶಕುನ ನುಡೀತೀಯಾ? ಬಸ್ರಿ ಹೆಂಗ್ಸಿಗೆ ಕಾಲು ಬಾಯೋದು ಇದ್ದದ್ದೇ!"

"ಕಾಲು ಬಾಯ್ಲಿ ಅಮ್ಮಾ. ಕೈ, ಮುಖ ಯಾಕೆ ಬಾತೈತೆ? ನನ್ನ ಬೈರಿ, ಹೊಡೀರಿ, ಆದ್ರೆ ಗಾಡಿ ಕಟ್ಸಿ."

ಯಾರೂ ಅಲುಗಾಡಲಿಲ್ಲ. ಆಗ ನಮ್ಮಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ನನ್ನನ್ನು ಹತ್ತಿರ ಎಳೆದುಕೊಂಡು, "ನೋಡ್ರೇ ಇವ್ಳನ್ನ. ಅವತ್ತು ನಾನೂ ಇಂಗೇ ರೇಗಿದ್ದೆ. ಇವ್ರಪ್ಪ ಹೊತ್ಕೊಂಡೋಗ್ದೆ ಇದ್ದಿದ್ರೆ ಇವ್ಳು ಇರ್ತಿರ್ಲಿಲ್ಲ. ಮೊದ್ಲು ಹುಡುಗಿ, ಆಮೇಲೆ ಶಾಸ್ತ್ರ. ಏಳ್ರಿ!" ಎಂದಳು.

ಗಾಡಿಗೆ ಹುಲ್ಲು ಹಾಸಿ, ಹಸೆಯ ಮೇಲಿದ್ದವಳನ್ನು ಹೂವಿನ ಸಮೇತ ಮಲಗಿಸಿದರು. ಬೂಬಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುಣಸೆ ಮರಗಳ ನೆರಳು ಒಂದೊಂದಾಗಿ ಗಾಡಿಯ ಮೇಲೆ ಹಾದುಹೋಗುವುದನ್ನು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡುತ್ತಾ ನಿಂತೆ.

ರಕ್ತದ ಒತ್ತಡ ವಿಪರೀತ ಏರಿತ್ತಂತೆ, ಮೂತ್ರ ಕಾಯಿಸಿದಾಗ ಕೊಳವೆಯ ತುಂಬ ಬೆಳ್ಳಗಾಯಿತಂತೆ. ದಿನ ತುಂಬುವ ಮುಂಚೆಯೇ ಮಗು ಹುಟ್ಟಿತು, ಅಂಗೈಯಷ್ಟಗಲದ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಉಳಿದರು. ಊರಿಗೆ ಬಂದ ದಿನ ಹುಡುಗಿಯ ತಾಯಿ ಬೂಬಮ್ಮನನ್ನು ಒಳಕ್ಕೆ ಕರೆದು, ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿ, ಕೂಸನ್ನು ಅವಳ ಮಡಿಲಿಗಿಟ್ಟಳು. ಆಮೇಲೆ ನಮ್ಮೂರಲ್ಲಿ ಯಾರೂ ನಗಲಿಲ್ಲ. ನೀರು ಸೇದುವಲ್ಲಿ, ಅವರೆಕಾಯಿ ಬಿಡಿಸುವಲ್ಲಿ ಹೆಂಗಸರೇ ಒಬ್ಬರ ಕಾಲನ್ನೊಬ್ಬರು ಒತ್ತಿ ನೋಡುತ್ತಿದ್ದರು.

ಎಲ್ಲರೂ ಉಳಿದರೆಂದಲ್ಲ. ಒಂದು ಬೇಸಗೆಯಲ್ಲಿ ಬೂಬಮ್ಮ ಪುರವರದ ಕಡೆ ಹೊರಟಾಗ ನಾನು ಜಯಮಂಗಲಿಯವರೆಗೆ ಅವಳ ಜೊತೆ ನಡೆದೆ. ಹೊಳೆಯಲ್ಲಿ ನೀರಿರಲಿಲ್ಲ, ಬಿಳಿ ಮರಳು. ಮರಳು ತೋಡಿ, ಒಸರಿದ ನೀರಿನಲ್ಲಿ ಮುಖ ತೊಳೆದು, ಹೊಂಗೆಯ ನೆರಳಲ್ಲಿ ಕೂತಳು. ರಾಯಚರ್ಲು ಎಂಬ ಹಳ್ಳಿಯ ಒಬ್ಬ ಯುವಕನ ಸುದ್ದಿ ಹೇಳಿದಳು. ಅವನ ಅಕ್ಕನಿಗೆ ಬಳೆ ತೊಡಿಸುವಾಗ ಅವನ ಮೈ ಬಾತಿರುವ ವಿಷಯ ಗೊತ್ತಾಗಿತ್ತು.

"ನಾನು ಹೇಳ್ದೆ, ಅವ್ರು ಹೋದ್ರು. ಆದ್ರೆ ಗುರ್ದಾ ಪೂರಾ ಹೋಗ್ಬುಟ್ಟಿತ್ತು ಬೇಟಿ. ಅದಕ್ಕೆ ಔಷಧಿ ಇಲ್ಲ ಅಂದ್ರಂತೆ. ಹುಡುಗ ಉಳೀಲಿಲ್ಲ."

ಹೊಂಗೆ ಹೂವು ಮೆತ್ತಗೆ ಉದುರುತ್ತಿತ್ತು. ಅವಳು ಮರಕ್ಕೆ ಒರಗಿ ಕಣ್ಣು ಮುಚ್ಚಿದಳು, ಸ್ವಲ್ಪ ಹೊತ್ತು ಹಾಗೇ ತೂಕಡಿಸಿದಳು. ಬಿಸಿಲು ಓರೆಯಾದಾಗ ಎದ್ದು, ಗಂಟು ತಲೆಗೇರಿಸಲು ನನ್ನ ಸಹಾಯ ಕೇಳಿ, ಮರಳು ದಾಟಿ ಪುರವರದ ದಾರಿ ಹಿಡಿದಳು.